ಮಕ್ಕಳಿಗೆ ಬೇಟೆ ಕಲಿಸಿದರೆ ಧೈರ್ಯ ಬರುತ್ತಾ? ಹೊಸತೊಡಕಿನ ಮೊಲದ ಬೇಟೆಗೆ ಕಾನೂನಿನಲ್ಲಿ ವಿನಾಯಿತಿ ಇದೆಯಾ?

ಯುಗಾದಿ ಹತ್ತಿರ ಬಂದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಡೆ ಹೊಸತೊಡಕಿನ ಮಾತು ಶುರುವಾಗುತ್ತದೆ. ಮಟನ್ ಚೀಟಿ, ಗುಡ್ಡೆ ಬಾಡು, ಜೊತೆಗೆ ಹಳೆಯ ನೆನಪು: "ನಮ್ಮ ತಾತನ ಕಾಲದಲ್ಲಿ ಈ ದಿನ ಊರಿಗೆ ಊರೇ ಮೊಲದ ಬೇಟೆಗೆ ಹೋಗುತ್ತಿತ್ತು". ಮೊಬೈಲ್‌ನಲ್ಲೂ ಅದೇ ಧಾಟಿಯ ಮಾತುಗಳು ಓಡಾಡುತ್ತವೆ. ಮಕ್ಕಳು ಫೋನ್ ಹಿಡಿದು ಮೂಲೆ ಸೇರಿದ್ದಾರೆ, ಹೊಲ ಗುಡ್ಡಕ್ಕೆ ಕರೆದುಕೊಂಡು ಹೋಗಿ ಬೇಟೆ ಕಲಿಸಿ, ಧೈರ್ಯ ಬರುತ್ತದೆ. ಹುಲಿ, ಆನೆ ಹೊಡೆದರೆ ಮಾತ್ರ ಕೇಸು, ಮೊಲಕ್ಕೇನೂ ಇಲ್ಲ.

ಇದರಲ್ಲಿ ಅರ್ಧ ಸರಿ, ಅರ್ಧ ತಪ್ಪು. ತಪ್ಪಿರುವ ಅರ್ಧವನ್ನು ನಂಬಿದವರು ಹಬ್ಬದ ದಿನವೇ ಪೊಲೀಸ್ ಠಾಣೆ ಮೆಟ್ಟಿಲು ಹತ್ತಬೇಕಾಗಬಹುದು. ಆದ್ದರಿಂದ ಒಂದೊಂದನ್ನೂ ಬಿಡಿಸಿ ನೋಡೋಣ.

ಮೊಲ ಹೊಡೆದರೆ ಕೇಸಿಲ್ಲವೇ?

ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಅನುಸೂಚಿಯಲ್ಲಿರುವ ಕಾಡುಪ್ರಾಣಿಗಳ ಬೇಟೆ ನಿಷಿದ್ಧ. 2022ರಲ್ಲಿ ತಿದ್ದುಪಡಿಯಾದ ಕಾಯ್ದೆ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಮ್ಮ ಹೊಲದ ಬದುವಿನಲ್ಲಿ ಓಡಾಡುವ ಕಾಡುಮೊಲ, ಕಾಡುಹಂದಿ 2ನೇ ಅನುಸೂಚಿಯಲ್ಲಿವೆ. ನವಿಲು, ಉಡ, ಕಾಡುಪಾಪ 1ನೇ ಅನುಸೂಚಿಯಲ್ಲಿವೆ. ಹಕ್ಕಿಗಳ ಹೆಸರಂತೂ ನೂರಾರು ಇವೆ.

1ನೇ ಅನುಸೂಚಿಯ ಪ್ರಾಣಿಯನ್ನು ಬೇಟೆಯಾಡಿದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಮೊಲದಂಥ ಪ್ರಾಣಿಗಳಿಗೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. "ಸಣ್ಣ ಪ್ರಾಣಿ, ಸಣ್ಣ ತಪ್ಪು" ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಹಬ್ಬಕ್ಕೆ, ಹರಕೆಗೆ, ಸಂಪ್ರದಾಯಕ್ಕೆ ಎಂದು ಈ ಕಾಯ್ದೆಯಲ್ಲಿ ಪ್ರತ್ಯೇಕ ವಿನಾಯಿತಿ ಇಲ್ಲ. "ನಮ್ಮ ಹೊಲದಲ್ಲಿ ಸಿಕ್ಕಿದ್ದು, ಕಾಡಲ್ಲಿ ಅಲ್ಲ" ಎಂಬ ವಾದವೂ ನಿಲ್ಲುವುದಿಲ್ಲ. ಪ್ರಾಣಿ ಎಲ್ಲಿದ್ದರೂ ರಕ್ಷಣೆ ಅದರ ಜೊತೆಗೇ ಇರುತ್ತದೆ. ಬೆಳೆ ತಿನ್ನುವ ಕಾಡುಹಂದಿಯನ್ನೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕೊಲ್ಲುವಂತಿಲ್ಲ.

ಕೊಂದರೆ ಮಾತ್ರ ಬೇಟೆಯೇ?

ಬಹಳ ಜನ ಎಡವುವುದು ಇಲ್ಲೇ. ಕಾನೂನಿನಲ್ಲಿ "ಬೇಟೆ" ಎಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಉರುಳು ಹಾಕುವುದು, ಬಲೆ ಒಡ್ಡುವುದು, ಬೆನ್ನಟ್ಟುವುದು, ವಿಷ ಇಡುವುದು ಎಲ್ಲವೂ ಬೇಟೆ. ಪ್ರಯತ್ನಪಟ್ಟು ಏನೂ ಸಿಗದಿದ್ದರೂ ಅದು ಬೇಟೆಯೇ. ಕಾಡುಹಕ್ಕಿ ಮತ್ತು ಹಾವು, ಹಲ್ಲಿಯಂಥ ಸರೀಸೃಪಗಳ ವಿಷಯದಲ್ಲಿ ಮೊಟ್ಟೆ ಒಡೆಯುವುದು, ಗೂಡು ಕೆಡಿಸುವುದೂ ಇದೇ ಪದದೊಳಗೆ ಬರುತ್ತದೆ. ಕೆಲವು ಊರುಗಳಲ್ಲಿ ಸಂಕ್ರಾಂತಿಗೆ ಮೊಲ ಹಿಡಿದು ಪೂಜೆ ಮಾಡಿ ಬಿಟ್ಟುಬಿಡುವ ರೂಢಿಯಿದೆ. ಬಿಟ್ಟರೂ ಹಿಡಿದದ್ದು ಹಿಡಿದದ್ದೇ.

ಏರ್‌ಗನ್ ವಿಷಯಕ್ಕೆ ಬಂದರೆ, ಕಡಿಮೆ ಶಕ್ತಿಯ ಕೆಲವು ಏರ್‌ಗನ್‌ಗಳಿಗೆ ಲೈಸೆನ್ಸ್ ಬೇಕಿಲ್ಲ ಎಂಬುದು ನಿಜ. ಅಷ್ಟಕ್ಕೆ ಅದರಿಂದ ಹಕ್ಕಿ ಹೊಡೆಯಲು ಅನುಮತಿ ಸಿಕ್ಕಿತು ಎಂದಲ್ಲ. ಕ್ಯಾಟರ್‌ಬಿಲ್ಲಿಗೂ ಇದೇ ಮಾತು. ಜೊತೆಗೆ ಎರಡೂ ಕಣ್ಣಿಗೆ ಅಪಾಯಕಾರಿ. ಕಲ್ಲಾಗಲಿ, ಪೆಲೆಟ್ ಆಗಲಿ, ಜೊತೆಗಿರುವ ಮಗುವಿನ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು.

ಮಗು ಮಾಡಿದರೆ ಯಾರ ತಲೆಗೆ?

ಏಳು ವರ್ಷದೊಳಗಿನ ಮಗು ಮಾಡಿದ್ದು ಕಾನೂನಿನಲ್ಲಿ ಅಪರಾಧವಲ್ಲ. ಅದಕ್ಕೆ ಮೇಲ್ಪಟ್ಟು 18 ವರ್ಷದೊಳಗಿನವರ ಪ್ರಕರಣ ಬಾಲನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ. ಆದರೆ ನಾಯಿ ಬಿಟ್ಟು, ಬಲೆ ಕಟ್ಟಿ, ಮಗುವನ್ನು ಜೊತೆಗೆ ಕರೆದೊಯ್ದ ಅಪ್ಪ, ಮಾವ, ಚಿಕ್ಕಪ್ಪಂದಿರಿಗೆ ಈ ರಿಯಾಯಿತಿ ಇಲ್ಲ. ಮಾಡಿಸಿದವರೂ ಮಾಡಿದವರಂತೆಯೇ ಎಂದು ಕಾಯ್ದೆ ಹೇಳುತ್ತದೆ. ಮಗು ಮೊಲದ ಕಿವಿ ಹಿಡಿದು ನಿಂತ ಫೋಟೊವನ್ನು ಸ್ಟೇಟಸ್‌ಗೆ ಹಾಕಿದರೆ ಅದೇ ಸಾಕ್ಷಿಯಾಗಬಹುದು.

"ಅಮೆರಿಕದಲ್ಲಿ ಮಕ್ಕಳಿಗೆ ಕಲಿಸುತ್ತಾರಲ್ಲ?"

ಹೌದು, ಅಂಥ ರೀಲ್ಸ್ ನಮ್ಮಲ್ಲೂ ಬರುತ್ತವೆ. ಅಲ್ಲಿ ಬೇಟೆಗೆ ಲೈಸೆನ್ಸ್ ಇದೆ, ಋತು ನಿಗದಿಯಾಗಿದೆ, ಎಷ್ಟು ಪ್ರಾಣಿ ಎಂಬ ಮಿತಿ ಇದೆ. ಬೇಟೆ ಕಲಿಯುವವರಿಗೆ ಸುರಕ್ಷತಾ ತರಬೇತಿಯೂ ಇದೆ. 1937ರ ಒಂದು ಕಾನೂನಿನಂತೆ ಬಂದೂಕು, ಮದ್ದುಗುಂಡಿನ ಮೇಲಿನ ತೆರಿಗೆ ವನ್ಯಜೀವಿ ರಕ್ಷಣೆಗೆ ಹೋಗುತ್ತದೆ. ನಮ್ಮಲ್ಲಿ ಹವ್ಯಾಸದ ಬೇಟೆಗೆ ಇಂಥ ಯಾವ ವ್ಯವಸ್ಥೆಯೂ ಇಲ್ಲ. ಅದು ನೇರ ನಿಷೇಧ. ಅಲ್ಲಿನ ವಿಡಿಯೊ ನೋಡಿ ಇಲ್ಲಿ ಮಾಡುವುದು ಬೇರೆ ಊರಿನ ಬಸ್ ಪಾಸ್ ತೋರಿಸಿ ನಮ್ಮೂರ ಬಸ್ಸಿನಲ್ಲಿ ಕೂತಂತೆ.

ನಮ್ಮಲ್ಲಿ ಬೇಟೆಯನ್ನೇ ಬದುಕು ಮಾಡಿಕೊಂಡ ಸಮುದಾಯಗಳಿದ್ದವು ಎಂಬುದನ್ನೂ ಮರೆಯಬಾರದು. ಹಕ್ಕಿಪಿಕ್ಕಿ ಜನರ ಮಕ್ಕಳು ಹಕ್ಕಿಯ ಕೂಗು, ಹೆಜ್ಜೆ, ಬಲೆ ಎಲ್ಲವನ್ನೂ ದೊಡ್ಡವರ ಜೊತೆ ತಿರುಗಿ ಕಲಿಯುತ್ತಿದ್ದರು. 1972ರ ಕಾಯ್ದೆಯ ನಂತರ ಅವರು ಆ ಕಸುಬು ಬಿಡಬೇಕಾಯಿತು. ಹೊಟ್ಟೆಪಾಡಿಗೆ ಬೇಟೆಯಾಡುತ್ತಿದ್ದವರೇ ಬಿಟ್ಟಿರುವಾಗ, ಹಬ್ಬದ ಮೋಜಿಗೆ ಆಡುವವರು ಸಂಪ್ರದಾಯದ ಹೆಸರು ಹೇಳುವುದು ನ್ಯಾಯವಲ್ಲ.

ಧೈರ್ಯ ಬರುತ್ತದೆ ಎಂಬ ಮಾತು

ಬೇಟೆಯಲ್ಲಿ ಮಗು ಕಲಿಯುವುದೇನು? ಸದ್ದು ಮಾಡದೆ ನಡೆಯುವುದು, ಕಾಯುವುದು, ಗಾಳಿಯ ದಿಕ್ಕು ನೋಡುವುದು, ಹೆಜ್ಜೆ ಗುರುತಿಸುವುದು, ಕತ್ತಲಿಗೆ ಹೆದರದಿರುವುದು. ಇವು ನಿಜವಾಗಿಯೂ ಒಳ್ಳೆಯ ಗುಣಗಳು. ಆದರೆ ಇವುಗಳಲ್ಲಿ ಯಾವುದಕ್ಕೂ ಕೊನೆಯಲ್ಲಿ ಪ್ರಾಣಿ ಸಾಯಬೇಕಾಗಿಲ್ಲ. ಮೊಲವನ್ನು ಓಡಿಸದೆ ಹತ್ತು ನಿಮಿಷ ನೋಡುವುದಕ್ಕೆ ಹೊಡೆಯುವುದಕ್ಕಿಂತ ಹೆಚ್ಚು ತಾಳ್ಮೆ ಬೇಕು.

"ಸಲೀಂ ಅಲಿಯವರೂ ಏರ್‌ಗನ್‌ನಿಂದಲೇ ಶುರು ಮಾಡಿದ್ದು" ಎಂದು ಕೆಲವರು ವಾದಿಸುತ್ತಾರೆ. ನಿಜ. 1896ರಲ್ಲಿ ಹುಟ್ಟಿದ ಅವರು ಬಾಲಕನಾಗಿದ್ದಾಗ ಏರ್‌ಗನ್‌ನಿಂದ ಒಂದು ಗುಬ್ಬಿ ಹೊಡೆದರು. ಅದರ ಕುತ್ತಿಗೆಯ ಮೇಲೆ ಹಳದಿ ಮಚ್ಚೆ ಇತ್ತು. ಅದು ಯಾವ ಹಕ್ಕಿ ಎಂದು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದಾಗ ಅಲ್ಲಿನ ಡಬ್ಲ್ಯು.ಎಸ್. ಮಿಲ್ಲಾರ್ಡ್ ಅವರು ಸಂಗ್ರಹದ ಹಕ್ಕಿಗಳನ್ನು ತೋರಿಸಿದರು, ಪುಸ್ತಕ ಕೊಟ್ಟರು. ಆ ಹುಡುಗನನ್ನು ಪಕ್ಷಿತಜ್ಞನನ್ನಾಗಿ ಮಾಡಿದ್ದು ಗುಂಡಲ್ಲ, "ಇದು ಯಾವ ಹಕ್ಕಿ?" ಎಂಬ ಪ್ರಶ್ನೆ ಮತ್ತು ಅದಕ್ಕೆ ಬೇಸರವಿಲ್ಲದೆ ಉತ್ತರಿಸಿದ ಒಬ್ಬ ದೊಡ್ಡ ಮನುಷ್ಯ.

ಸರಿಯಿರುವ ಅರ್ಧ: ಮಕ್ಕಳು ಹೊರಗೆ ಹೋಗಲೇಬೇಕು

ಈ ಮಾತಿಗೆ ಗಟ್ಟಿ ಆಧಾರವಿದೆ. ಚೀನಾದ ಗುವಾಂಗ್ಝೌ ನಗರದ 12 ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳ ಮೇಲೆ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚುವರಿ ಹೊರಾಂಗಣ ಅವಧಿ ಇಟ್ಟರು. ಮೂರು ವರ್ಷದಲ್ಲಿ ಅಲ್ಲಿ ಸಮೀಪದೃಷ್ಟಿ ದೋಷ ಬಂದದ್ದು ಶೇ 30.4 ಮಕ್ಕಳಿಗೆ, ಉಳಿದ ಶಾಲೆಗಳಲ್ಲಿ ಶೇ 39.5. ಹಗಲು ಬೆಳಕಿನಲ್ಲಿ ಕಳೆದ ಸಮಯ ಕಣ್ಣಿಗೆ ಒಳ್ಳೆಯದು. ಹೊರಗೆ ಬರೀ ಕೂತಿದ್ದರೂ ಬೆಳಕು ಸಿಗುತ್ತದೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ಮಣ್ಣಿನ ಬಗ್ಗೆಯೂ ಭಯ ಜಾಸ್ತಿ. ಫಿನ್ಲೆಂಡ್‌ನಲ್ಲಿ ಶಿಶುವಿಹಾರಗಳ ಅಂಗಳಕ್ಕೆ ಕಾಡಿನ ಮಣ್ಣು, ಹುಲ್ಲು ತಂದು ಹಾಸಿ 3ರಿಂದ 5 ವರ್ಷದ ಮಕ್ಕಳನ್ನು 28 ದಿನ ಆಡಲು ಬಿಟ್ಟರು. ಅವರ ಚರ್ಮದ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು, ರೋಗನಿರೋಧಕ ವ್ಯವಸ್ಥೆಯ ಕೆಲವು ಸೂಚಕಗಳು ಸುಧಾರಿಸಿದವು. ಅದು 2020ರಲ್ಲಿ ಪ್ರಕಟವಾದ ಚಿಕ್ಕ ಅಧ್ಯಯನ. ಅಷ್ಟಕ್ಕೇ "ಮಣ್ಣೇ ಔಷಧ" ಎಂದು ಫಾರ್ವರ್ಡ್ ಮಾಡಬೇಡಿ. ನಮ್ಮ ಮಣ್ಣಿನಲ್ಲಿ ಕೊಕ್ಕೆಹುಳುವೂ ಇರಬಹುದು. ಕಾಲಿಗೆ ಚಪ್ಪಲಿ, ಬಂದ ಮೇಲೆ ಸೋಪು ಹಾಕಿ ಕೈ ತೊಳೆಯುವುದು, ಸಮಯಕ್ಕೆ ಧನುರ್ವಾಯು ತಡೆಯುವ ಲಸಿಕೆ, ಇಷ್ಟು ಸಾಕು.

ನಮ್ಮ ಜಿಲ್ಲೆಯಲ್ಲೇ ಎಲ್ಲಿಗೆ ಹೋಗಬಹುದು?

ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ. 2007ರಲ್ಲಿ ಘೋಷಣೆಯಾದ ಈ 54 ಎಕರೆಯಲ್ಲಿ ಶತಮಾನಗಳಷ್ಟು ಹಳೆಯ ಹುಣಸೆ ಮರಗಳಿವೆ. ಚಿಕ್ಕ ಮಕ್ಕಳಿಗೆ ಹೇಳಿ ಮಾಡಿಸಿದ ಜಾಗ. ದೊಡ್ಡಬಳ್ಳಾಪುರದ ಮಾಕಳಿದುರ್ಗ, ನೆಲಮಂಗಲದ ಶಿವಗಂಗೆ ಹತ್ತಲು ಸ್ವಲ್ಪ ದೊಡ್ಡ ಮಕ್ಕಳು ಬೇಕು. ಹೊಸಕೋಟೆ ಕೆರೆಯಲ್ಲಿ ನೀರಿದ್ದಾಗ ಬೆಳಗಿನ ಹೊತ್ತು ಹಕ್ಕಿ ನೋಡಬಹುದು. ಪಕ್ಕದ ಹೆಸರಘಟ್ಟದ ಹುಲ್ಲುಗಾವಲಿನ 5,000ಕ್ಕೂ ಹೆಚ್ಚು ಎಕರೆಯನ್ನು ಸಂರಕ್ಷಿತ ಮೀಸಲು ಮಾಡಲು 2024ರ ಅಕ್ಟೋಬರ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿತು. ನಾವು "ಬರಡು" ಎನ್ನುವ ಇಂಥ ಹುಲ್ಲು ಬಯಲೇ ಮೊಲ, ಗೌಜಲಹಕ್ಕಿಗಳ ಮನೆ.

ಹೋಗುವಾಗ ಇಷ್ಟು ನೆನಪಿರಲಿ:

- ಬಂಡೆ ಸಂದಿಗೆ, ಹುತ್ತಕ್ಕೆ, ಪೊದೆಗೆ ಕೈ ಹಾಕಬಾರದು. ನಾಗರ, ಕಟ್ಟುಹಾವು, ಕೊಳಕುಮಂಡಲ, ಉರಿಮಂಡಲ ನಾಲ್ಕೂ ಅಪಾಯಕಾರಿ.
- ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು, ನಾಟಿ ಔಷಧ ಯಾವುದೂ ಬೇಡ. ಮಗುವನ್ನು ನಡೆಸದೆ, ಕಚ್ಚಿದ ಭಾಗ ಅಲುಗದಂತೆ ಇಟ್ಟು 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೋಗಿ. ಹಾವನ್ನು ಹಿಡಿದು ತರಬೇಕಿಲ್ಲ.
- ಕೋತಿ, ನಾಯಿ ಕಚ್ಚಿದರೆ, ಪರಚಿದರೆ ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ರೇಬಿಸ್ ಲಸಿಕೆ ಹಾಕಿಸಿ.
- ಬೆಟ್ಟದ ಸುತ್ತ ಚಿರತೆ ಓಡಾಡುತ್ತವೆ. ಕತ್ತಲಾಗುವ ಮೊದಲೇ ಇಳಿಯಿರಿ, ಮಕ್ಕಳನ್ನು ಹಿಂದೆ ಬಿಡಬೇಡಿ.
- ಉರುಳು, ಬಲೆ ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ. ಸಹಾಯವಾಣಿ 1926.

ಒಟ್ಟಾರೆ ಹೇಳುವುದಾದರೆ

ಹಬ್ಬದ ಮೊಲದ ಬೇಟೆಗೆ ವಿನಾಯಿತಿ ಇದೆ ಎಂಬುದು ಸುಳ್ಳು. ಮೊಲಕ್ಕೆ ಕೇಸಿಲ್ಲ ಎಂಬುದೂ ಸುಳ್ಳು. ಮಕ್ಕಳನ್ನು ಹೊರಗೆ ಕರೆದೊಯ್ಯಬೇಕು ಎಂಬುದು ಪೂರ್ತಿ ನಿಜ. ಈ ಸಲ ಹೊಸತೊಡಕಿನ ಊಟ ಮುಗಿದ ಮೇಲೆ ಮನೆಯ ಅಜ್ಜನನ್ನು ಮುಂದೆ ಬಿಟ್ಟು ಮಕ್ಕಳ ಜೊತೆ ಹೊಲದ ಕಡೆ ನಡೆಯಿರಿ. ಮೊಲದ ಹಿಕ್ಕೆ ಯಾವುದು, ನವಿಲು ಯಾವ ಹೊತ್ತಿಗೆ ಇಳಿಯುತ್ತದೆ, ಗೌಜಲು ಎಲ್ಲಿಂದ ಕೂಗುತ್ತದೆ ಎಂದು ಅವರಿಗೆ ಗೊತ್ತಿರುತ್ತದೆ. "ಕೇಸಿಲ್ಲ" ಎಂಬ ಮೆಸೇಜ್ ನಿಮ್ಮ ಗ್ರೂಪಿಗೆ ಬಂದರೆ ಈ ಲೇಖನವನ್ನು ಅದರ ಕೆಳಗೆ ಹಾಕಿ.