ಟ್ರೇಲರ್‌ಗೆ ಟಿಲ್ಲರ್ ಹತ್ತಿಸಲು ಗಟ್ಟಿ ಹಲಗೆ ಇದ್ದರೆ ಸಾಕೇ?

ಮಡಿಕೇರಿ ಸುತ್ತಮುತ್ತಲಿನ ತೋಟ, ಗದ್ದೆಗಳ ನಡುವೆ ಟಿಲ್ಲರ್‌ನಂಥ ಯಂತ್ರಗಳನ್ನು ಸಾಗಿಸುವ ಕೆಲಸ ಇದ್ದೇ ಇರುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಟ್ರೇಲರ್ ಮಾಡಿಸಿಕೊಂಡವರು ಯಂತ್ರ ಹತ್ತಿಸಲು ಎರಡು ಹಲಗೆ ಇಟ್ಟುಕೊಳ್ಳುತ್ತಾರೆ. ಹಲಗೆ ಮುರಿಯದಿದ್ದರೆ ಅಪಾಯವಿಲ್ಲ ಎಂಬ ನಂಬಿಕೆ ಸಾಮಾನ್ಯ. ಅದು ಎಷ್ಟು ನಿಜ? ಪರಿಶೀಲಿಸೋಣ.

ಉದ್ದ ಎಷ್ಟಿರಬೇಕು?

ಟ್ರೇಲರ್‌ನ ಎತ್ತರ 75 ಸೆಂ.ಮೀ., ಯಂತ್ರದ ತೂಕ 400 ಕೆ.ಜಿ. ಎಂದುಕೊಳ್ಳಿ. 1.5 ಮೀಟರ್ ಹಲಗೆ ಇಟ್ಟರೆ ಇಳಿಜಾರು 30 ಡಿಗ್ರಿ. ಆಗ ಯಂತ್ರವನ್ನು ಕೆಳಕ್ಕೆ ಎಳೆಯುವ ಬಲ 200 ಕೆ.ಜಿ. ಭಾರದಷ್ಟು. ಹಲಗೆ 3 ಮೀಟರ್ ಇದ್ದರೆ ಇಳಿಜಾರು ಸುಮಾರು 14.5 ಡಿಗ್ರಿ, ಎಳೆತ 100 ಕೆ.ಜಿ.ಯಷ್ಟು ಮಾತ್ರ. ಸಂಪಾಜೆ ಘಾಟಿಯ ರಸ್ತೆ ನೇರವಾಗಿ ಏರದೆ ಸುತ್ತಿ ಸುತ್ತಿ ಏರುವುದೂ ಇದೇ ಲೆಕ್ಕದಲ್ಲಿ: ದಾರಿ ಹೆಚ್ಚು, ಏರು ಕಡಿಮೆ.

ಹಾಗಾದರೆ ಉದ್ದವಾದಷ್ಟೂ ಒಳ್ಳೆಯದೇ?

ಇಲ್ಲ. ಅದೇ ಹಲಗೆಯ ಆಧಾರಗಳ ನಡುವಿನ ಅಂತರ ಎರಡು ಪಟ್ಟಾದರೆ, ನಡುವೆ ಅದೇ ಭಾರ ಬಿದ್ದಾಗ ಅದು 8 ಪಟ್ಟು ಬಾಗುತ್ತದೆ. ಆದ್ದರಿಂದ ಉದ್ದದ ಹಲಗೆಗೆ ದಪ್ಪ ಹೆಚ್ಚಿಸಬೇಕು ಅಥವಾ ನಡುವೆ ಗಟ್ಟಿಯಾದ ಊರೆ ಕೊಡಬೇಕು. ದಪ್ಪ ಎರಡು ಪಟ್ಟಾದರೆ ಮುರಿಯದೆ ತಡೆಯುವ ಶಕ್ತಿ 4 ಪಟ್ಟಾಗುತ್ತದೆ.

ಮುರಿಯದ ಹಲಗೆಯೂ ಬೀಳಿಸಬಹುದು

• ಚಕ್ರ ಮೇಲೇರುವಾಗ ಹಲಗೆಯನ್ನು ಹಿಂದಕ್ಕೆ ತಳ್ಳುತ್ತದೆ. ಸುಮ್ಮನೆ ಆನಿಸಿಟ್ಟ ಹಲಗೆ ಜಾರಿ ಕಳಚುತ್ತದೆ. ಮೇಲ್ತುದಿಗೆ ಕೊಕ್ಕೆ ಹಾಕಿ, ಸರಪಳಿಯಿಂದ ಟ್ರೇಲರ್‌ಗೆ ಬಿಗಿಯಿರಿ.
• ಮಳೆಗಾಲದಲ್ಲಿ ಕೆಸರು, ಪಾಚಿ ಹಿಡಿದ ಮರದ ಮೇಲೆ ಟೈರಿಗೆ ಹಿಡಿತ ಸಿಗದು. ಹಲಗೆ ತೊಳೆದು, ಅಡ್ಡಪಟ್ಟಿ ಬಡಿಯಿರಿ.
• ಭಾರ ಮೊದಲು ಬೀಳುವುದು ಟ್ರೇಲರ್‌ನ ಹಿಂಬದಿಗೆ. ಆಗ ಮೂತಿ ಮೇಲೇಳಬಹುದು. ಟ್ರೇಲರನ್ನು ವಾಹನಕ್ಕೆ ಸಿಕ್ಕಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಬದಿಗೆ ಊರೆ ಇಟ್ಟ ಮೇಲೆಯೇ ಹತ್ತಿಸಿ.
• ಹಲಗೆಯ ಮೇಲೆ ಟಿಲ್ಲರ್‌ನ ಸ್ಟೀರಿಂಗ್ ಕ್ಲಚ್ ಒತ್ತಬೇಡಿ. ಒಂದು ಚಕ್ರಕ್ಕೆ ಎಂಜಿನ್ ಹಿಡಿತ ತಪ್ಪಿ ಯಂತ್ರ ಪಕ್ಕಕ್ಕೆ ತಿರುಗುತ್ತದೆ. ನೆಲದ ಮೇಲೆಯೇ ನೇರ ಮಾಡಿಕೊಳ್ಳಿ.
• ಸಹಾಯಕ್ಕೆ ಬಂದವರನ್ನು ಹಿಂದೆ ನಿಲ್ಲಿಸಬೇಡಿ. ಜಾರುವ ಯಂತ್ರವನ್ನು ಕೈಯಿಂದ ತಡೆಯಲಾಗದು.

ಇನ್ನೊಂದು ಮಾತು: 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ. ಮನೆಯಲ್ಲೇ ಮಾಡಿದ್ದಾದರೂ ರಸ್ತೆಗಿಳಿಸಲು ನೋಂದಣಿ ಬೇಕು.

ನಮ್ಮ ತೀರ್ಮಾನ: ‘ಗಟ್ಟಿ ಹಲಗೆ ಇದ್ದರೆ ಸಾಕು’ ಎಂಬುದು ಅರ್ಧ ಸತ್ಯ. ಹಲಗೆ ಗಟ್ಟಿ ಇರಲೇಬೇಕು. ಜೊತೆಗೆ ಇಳಿಜಾರು ಕಡಿಮೆ ಇರಬೇಕು, ತುದಿ ಬಿಗಿದಿರಬೇಕು, ಟ್ರೇಲರ್ ಅಲುಗಬಾರದು. ಟಿಲ್ಲರ್ ಸಾಗಿಸುವವರು ನಿಮ್ಮ ಗ್ರೂಪ್‌ನಲ್ಲಿದ್ದರೆ ಅವರಿಗೂ ತಿಳಿಸಿ.