ಚಿಪ್ಪಿಗೆ ಬೀಳುವ ಹನಿ

ಸ್ವಾತಿಯ ಮಳೆಹನಿ ಚಿಪ್ಪಿನೊಳಗೆ ಬಿದ್ದರೆ ಮುತ್ತಾಗುತ್ತದೆ ಎಂಬುದು ಭಾರತೀಯ ಕಾವ್ಯಪರಂಪರೆಯ ಪ್ರಸಿದ್ಧ ಕವಿಸಮಯ. ಹೊಸೂರು, ಕೃಷ್ಣಗಿರಿ ಸೀಮೆಯ ದಕ್ಷಿಣ ಪಿನಾಕಿನಿಯಲ್ಲಿ ಬಾಳುವ ಕಪ್ಪೆಚಿಪ್ಪಿಗೆ ಇಂದು ದೊರೆಯುವ ಹನಿ ಯಾವುದು ಎಂಬ ಪ್ರಶ್ನೆಗೆ ಮಾತ್ರ ಕಾವ್ಯದಲ್ಲಿ ಉತ್ತರವಿಲ್ಲ.

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಈ ನದಿ ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿನೀರನ್ನೂ ಕೂಡಿಸಿಕೊಂಡು ಹೊಸೂರಿನ ಕೆಲವರಪಳ್ಳಿ ಜಲಾಶಯವನ್ನು, ಮುಂದೆ ಕೃಷ್ಣಗಿರಿಯ ಅಣೆಕಟ್ಟನ್ನು ಸೇರುತ್ತದೆ. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿದಾಗ ದೇಶವೇ ಬೆರಗಾಯಿತು. ಕೆಲವರಪಳ್ಳಿಯ ನೊರೆಯೂ ಸುದ್ದಿಯಾಯಿತು. ನೊರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಎಣ್ಣೆ ಹಾಗಲ್ಲ. ಗ್ಯಾರೇಜುಗಳಿಂದ ಚರಂಡಿಗೆ ಸುರಿದ ಹಳೆಯ ಎಣ್ಣೆ ಮೊದಲು ನೀರಿನ ಮೇಲೆ ತೆಳುವಾದ ಪೊರೆಯಾಗಿ ಹರಡುತ್ತದೆ. ಬಳಿಕ ಹೂಳಿನ ಕಣಗಳಿಗೆ ಅಂಟಿ ತಳ ಸೇರುತ್ತದೆ.

ಕಪ್ಪೆಚಿಪ್ಪಿನ ಬದುಕು ಆ ತಳದಲ್ಲಿಯೇ. ಮೀನು ಈಜಿ ದೂರ ಹೋಗಬಲ್ಲದು. ಇದಕ್ಕೆ ಆ ದಾರಿಯಿಲ್ಲ. ಕಿವಿರುಗಳಲ್ಲಿ ನೀರನ್ನು ಸೋಸಿ ಉಸಿರನ್ನೂ ಆಹಾರವನ್ನೂ ಪಡೆಯುವ ಈ ಜೀವಿ ಎಣ್ಣೆಯಂಶವನ್ನೂ ಒಳಗೆಳೆದುಕೊಳ್ಳುತ್ತದೆ. ಚಿಪ್ಪನ್ನು ಮುಚ್ಚಿಕೊಂಡು ಕೆಲಕಾಲ ತಾಳಿದರೂ ಮತ್ತೆ ತೆರೆಯಲೇಬೇಕು. ಅದರ ಮರಿಗಳು ಮೀನಿನ ಕಿವಿರು, ಈಜುರೆಕ್ಕೆಗಳಿಗೆ ಅಂಟಿಕೊಂಡು ಬೆಳೆಯುತ್ತವೆ. ಆದುದರಿಂದ ಮೀನು ಅಳಿದರೆ ಚಿಪ್ಪಿನ ಸಂತತಿಯೂ ನಿಲ್ಲುತ್ತದೆ. ಸೋಸುವ ಜೀವಿ ಇಲ್ಲವಾದರೆ ಕಲಕಿದ ನೀರು ತಿಳಿಯಾಗುವುದೂ ತಡವಾಗುತ್ತದೆ.

ಕಾರ್ಖಾನೆಗಳು ಹೊರಬಿಡುವ ನೀರಿನಲ್ಲಿ ಎಣ್ಣೆ ಮತ್ತು ಜಿಡ್ಡು ಲೀಟರಿಗೆ 10 ಮಿಲಿಗ್ರಾಂ ಮೀರಬಾರದೆಂಬ ಸಾಮಾನ್ಯ ಮಾನದಂಡವಿದೆ. ಆ ಅಳತೆ ಕೊಳವೆಯ ಬಾಯಿಗೆ ಸಲ್ಲುವುದು. ಬೀದಿಯ ಚರಂಡಿಗೆ ಸುರಿದ ಒಂದು ಡಬ್ಬಿ ಎಣ್ಣೆ ಯಾವ ಲೆಕ್ಕಕ್ಕೂ ಬಾರದು. ಸೀಸೆಯಲ್ಲಿ ತುಂಬಿದ ನೀರು ಆ ದಿನದ ಸ್ಥಿತಿಯನ್ನಷ್ಟೇ ಹೇಳುತ್ತದೆ. ಒಂದೇ ಸ್ಥಳದಲ್ಲಿ ವರ್ಷಗಟ್ಟಲೆ ಬಾಳುವ ಚಿಪ್ಪು ಬಹುಕಾಲದ ಕಥೆಯನ್ನು ಹೇಳಬಲ್ಲದು. ಆದುದರಿಂದ ಜೀವಂತ ಚಿಪ್ಪುಗಳನ್ನು ಎಣಿಸುವುದೂ ಅವುಗಳ ಮಾಂಸದಲ್ಲಿನ ಎಣ್ಣೆಯಂಶವನ್ನು ಪರೀಕ್ಷಿಸುವುದೂ ನದಿಯ ತಪಾಸಣೆಯ ಭಾಗವಾಗಬೇಕು. ಮೇಲಿನ ರಾಜ್ಯವೂ ಕೆಳಗಿನ ರಾಜ್ಯವೂ ಕೂಡಿ ಮಾಡಬೇಕಾದ ಕಾರ್ಯವಿದು.

ಸಾಹಿತ್ಯದ ವಿದ್ಯಾರ್ಥಿಗಳಿಗೂ ಇದರಲ್ಲಿ ಪಾಲುಂಟು. ಕನ್ನಡ, ತಮಿಳು, ತೆಲುಗು ಬೆರೆತ ಹೊಸೂರು ಸೀಮೆಯಲ್ಲಿ ಚಿಪ್ಪಿಗೆ ಯಾವ ಯಾವ ಹೆಸರಿವೆ, ಅದು ಹಿಂದೆ ಎಲ್ಲೆಲ್ಲಿ ಸಿಗುತ್ತಿತ್ತು ಎಂಬುದನ್ನು ಹಿರಿಯರಿಂದ ಕೇಳಿ ಬರೆದಿಡಬೇಕು. ಹಿಂದೆ ಇದ್ದುದರ ಲೆಕ್ಕವಿಲ್ಲದೆ ಇಂದು ಕಳೆದುದರ ಲೆಕ್ಕ ದೊರೆಯದು.