ದಾಸೋಹದ ಪಂಕ್ತಿಯಲ್ಲಿ ಕೊನೆಯ ಎಲೆ

ದಾಸೋಹದ ಮನೆಯಲ್ಲಿ ಬಡಿಸುವವನಿಗಿರುವ ಮೊದಲ ನಿಯಮ, ಪಂಕ್ತಿಭೇದ ಮಾಡಬಾರದು ಎಂಬುದು. ಬಾಗಿಲ ಬಳಿ ಬೆಳಕಿನಲ್ಲಿ ಕುಳಿತವನ ಎಲೆಗೆ ಮೂರು ಸಲ ಹುಗ್ಗಿ ಬಿದ್ದು, ಮೂಲೆಯ ಕತ್ತಲಲ್ಲಿ ಕುಳಿತವನ ಎಲೆ ಬರಿದಾಗಿಯೇ ಉಳಿದರೆ, ಬಡಿಸಿದ ಅನ್ನ ಎಷ್ಟೇ ಇರಲಿ, ಅದು ದಾಸೋಹವಲ್ಲ. ಶರಣರು ದಾನಕ್ಕಿಂತ ದಾಸೋಹವನ್ನು ಮೇಲಿರಿಸಿದ್ದು ಇದಕ್ಕಾಗಿಯೇ. ದಾನದಲ್ಲಿ ಕೊಡುವವನ ಇಚ್ಛೆ ದೊಡ್ಡದು. ದಾಸೋಹದಲ್ಲಿ ಉಣ್ಣುವವನ ಹಸಿವು ದೊಡ್ಡದು. ಪ್ರಕೃತಿವಿಕೋಪಗಳ ಕಾಲದಲ್ಲಿ ಲೋಕವು ನೀಡುತ್ತಿರುವ ನೆರವನ್ನು ಈ ಒರೆಗಲ್ಲಿಗೆ ತಿಕ್ಕಿ ನೋಡಿದರೆ ಕಾಣುವುದೇನು? ಪಂಕ್ತಿಭೇದವೇ ಕಾಣುತ್ತದೆ. ಬಡಿಸುವವರು ಹಸಿವನ್ನು ಕೇಳುತ್ತಿಲ್ಲ, ಕ್ಯಾಮೆರಾವನ್ನು ಕೇಳುತ್ತಿದ್ದಾರೆ.

2019ರ ಆಗಸ್ಟ್ ತಿಂಗಳ ಮೊದಲ ವಾರವನ್ನು ಕೃಷ್ಣಾ ತೀರದ ಜನ ಮರೆತಿಲ್ಲ. ಸಹ್ಯಾದ್ರಿಯಲ್ಲಿ ಸುರಿದ ಮಳೆ ಮತ್ತು ಜಲಾಶಯಗಳಿಂದ ಬಿಟ್ಟ ನೀರು ಒಂದಾಗಿ, ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರುಗಳಿಗೆ ನುಗ್ಗಿದವು. ಅದೇ ಆಗಸ್ಟ್ 5ರಂದು ಸಂಸತ್ತಿನಲ್ಲಿ 370ನೆಯ ವಿಧಿಯ ನಿರ್ಣಯ ಮಂಡನೆಯಾಯಿತು. ದೆಹಲಿಯ ವಾಹಿನಿಗಳ ಪರದೆಯನ್ನು ಕಾಶ್ಮೀರವೇ ತುಂಬಿತು. ರಾಜ್ಯದಲ್ಲಿ ಆಗ ಮಂತ್ರಿಮಂಡಲವೆಂದರೆ ಮುಖ್ಯಮಂತ್ರಿಗಳೊಬ್ಬರೇ. ಇತರ ಸಚಿವರು ಪ್ರಮಾಣವಚನ ಸ್ವೀಕರಿಸಿದ್ದು ಆಗಸ್ಟ್ 20ರಂದು. ಕೇಂದ್ರದ ಮಂತ್ರಿಗಳು ಬಂದು ಸಮೀಕ್ಷೆ ನಡೆಸಿದ್ದು ನಿಜ. ಆದರೆ ರಾಜ್ಯವು ಸುಮಾರು 35 ಸಾವಿರ ಕೋಟಿ ರೂಪಾಯಿಗಳ ಹಾನಿಯನ್ನು ಅಂದಾಜು ಮಾಡಿದ್ದಾಗ, ಕೇಂದ್ರದಿಂದ 1,200 ಕೋಟಿ ರೂಪಾಯಿಗಳ ಮಧ್ಯಂತರ ನೆರವು ಬಿಡುಗಡೆಯಾದದ್ದು ಅಕ್ಟೋಬರ್ ತಿಂಗಳಲ್ಲಿ. ಗೋಡೆ ಕುಸಿದ ಮನೆಯವರಿಗೆ ಎರಡು ತಿಂಗಳೆಂದರೆ ಎಷ್ಟು ರಾತ್ರಿಗಳು!

ಇದು ಒಂದು ನಾಡಿನ, ಒಂದು ವರ್ಷದ ದುರದೃಷ್ಟವಷ್ಟೇ ಎಂದು ಹೇಳುವಂತಿಲ್ಲ. ಐಸೆನ್ಸೀ ಮತ್ತು ಸ್ಟ್ರೋಮ್‌ಬರ್ಗ್ ಎಂಬ ಅರ್ಥಶಾಸ್ತ್ರಜ್ಞರು 1968ರಿಂದ 2002ರ ವರೆಗಿನ ಸುಮಾರು 5,000 ವಿಕೋಪಗಳನ್ನು ಪರಿಶೀಲಿಸಿ, 2007ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಒಲಿಂಪಿಕ್ ಕ್ರೀಡಾಕೂಟ ನಡೆಯುತ್ತಿರುವಾಗ ಸಂಭವಿಸಿದ ವಿಕೋಪಕ್ಕೆ ಅಮೆರಿಕದ ದೂರದರ್ಶನದಲ್ಲಿ ಸ್ಥಳ ಸಿಗುವ ಸಂಭವ ಕಡಿಮೆ. ಆದ್ದರಿಂದ ಅಮೆರಿಕ ಸರ್ಕಾರದ ನೆರವು ಸಿಗುವ ಸಂಭವವೂ ಕಡಿಮೆ. ಜ್ವಾಲಾಮುಖಿಯಿಂದಾದ ಒಂದು ಸಾವಿಗೆ ಸಿಗುವಷ್ಟು ಸುದ್ದಿಯ ಅವಕಾಶ ಸಿಗಬೇಕಾದರೆ ಆಹಾರದ ಅಭಾವದಿಂದ 38 ಸಾವಿರಕ್ಕೂ ಹೆಚ್ಚು ಜನ ಸಾಯಬೇಕು. ಬೆಂಕಿಯುಗುಳುವ ಬೆಟ್ಟಕ್ಕೆ ಚಿತ್ರವುಂಟು. ಬರಿದಾದ ಕಣಜಕ್ಕೆ ಚಿತ್ರವಿಲ್ಲ. ಬರ ಸದ್ದಿಲ್ಲದೆ ಬರುತ್ತದೆ, ಸದ್ದಿಲ್ಲದೆ ಕೊಲ್ಲುತ್ತದೆ. ಬಯಲುಸೀಮೆಯ ರೈತನಿಗೆ ಈ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಸಿರಿವಂತ ದೇಶದಲ್ಲಾದರೂ ಪಂಕ್ತಿ ಸರಿಯಾಗಿದೆಯೇ? ಅಲ್ಲಿಯೂ ಇಲ್ಲ. 2017ರ ಆಗಸ್ಟ್ ತಿಂಗಳಲ್ಲಿ ಹಾರ್ವೆ ಚಂಡಮಾರುತ ಅಮೆರಿಕದ ಟೆಕ್ಸಾಸ್ ರಾಜ್ಯಕ್ಕೆ ಅಪ್ಪಳಿಸಿತು. ಸೆಪ್ಟೆಂಬರ್ 20ರಂದು ಮರಿಯಾ ಚಂಡಮಾರುತ ಪೋರ್ಟೊ ರಿಕೊ ದ್ವೀಪಕ್ಕೆ ಅಪ್ಪಳಿಸಿತು. ಆ ದ್ವೀಪದ ಜನರೂ 1917ರಿಂದ ಅಮೆರಿಕದ ಪ್ರಜೆಗಳೇ. ಆದರೂ ಮೊದಲ 9 ದಿನಗಳಲ್ಲಿ ಹಾರ್ವೆಯ ಸಂತ್ರಸ್ತ ಕುಟುಂಬಗಳಿಗೆ ಒಕ್ಕೂಟ ಸರ್ಕಾರ ಮಂಜೂರು ಮಾಡಿದ್ದು ಸುಮಾರು 10 ಕೋಟಿ ಡಾಲರು. ಮರಿಯಾದ ಸಂತ್ರಸ್ತರಿಗೆ ಸುಮಾರು 60 ಲಕ್ಷ ಡಾಲರು. ದ್ವೀಪವೆಂಬ ತೊಡಕು ಇತ್ತು, ಒಪ್ಪಬಹುದು. ಆದರೆ ಇಡೀ ದ್ವೀಪದಲ್ಲಿ ಆರಿದ ದೀಪ ಎಲ್ಲೆಡೆ ಮರಳಿ ಹೊತ್ತಲು ಸುಮಾರು 11 ತಿಂಗಳು ಬೇಕಾದುದಕ್ಕೆ ಸಮುದ್ರವೊಂದನ್ನೇ ದೂರಲಾದೀತೇ? ವಿದ್ಯುತ್ತಿಲ್ಲದೆ ಆಸ್ಪತ್ರೆಯ ಯಂತ್ರಗಳು ನಿಂತವು, ಔಷಧಿಗಳು ಕೆಟ್ಟವು. ಸರ್ಕಾರ ಮೊದಲು ಲೆಕ್ಕ ಹಾಕಿದ ಸಾವು 64. ಮರುವರ್ಷ ವಿಶ್ವವಿದ್ಯಾಲಯವೊಂದರ ಅಧ್ಯಯನದ ಆಧಾರದ ಮೇಲೆ ಅದೇ ಸರ್ಕಾರ ಒಪ್ಪಿದ ಸಂಖ್ಯೆ 2,975. ಕತ್ತಲಲ್ಲಿ ಸತ್ತವರು ಲೆಕ್ಕಕ್ಕೂ ಸಿಗಲಿಲ್ಲ!

ಸುದ್ದಿ ಬಾರದಿದ್ದರೆ ಜನರಿಗೆ ತಿಳಿಯುವುದಾದರೂ ಹೇಗೆ, ತೋರಿಸಿದ್ದಕ್ಕೆ ಮರುಗುವುದು ತಪ್ಪೇ ಎಂದು ಕೇಳುವವರುಂಟು. ಮರುಗುವುದು ತಪ್ಪಲ್ಲ. ಸುದ್ದಿ ದೀಪವಿದ್ದಂತೆ, ಆದರೆ ದೀಪವನ್ನು ಒಬ್ಬರು ಎತ್ತಿ ಹಿಡಿದಲ್ಲಿ ಮಾತ್ರ ಬೆಳಕು. ಬೆಳಕಿದ್ದಲ್ಲಿಗೇ ಧಾವಿಸುವುದು ಪತಂಗದ ಗುಣ, ಭಕ್ತನದಲ್ಲ. ಪರದೆಯ ಮೇಲೆ ಕಂಡವರಿಗೆ ಮಾತ್ರ ಕರಗುವ ದಯೆ, ಪರದೆ ಬದಲಾದೊಡನೆ ಒಣಗಿಹೋಗುತ್ತದೆ. ಸಕಲ ಜೀವಿಗಳಲ್ಲಿ ದಯೆಯಿರಬೇಕೆಂಬುದು ಶರಣಧರ್ಮದ ಬುನಾದಿ. ಆ ಸಕಲ ಎಂಬ ಮಾತಿನೊಳಗೆ, ಸುದ್ದಿಯಲ್ಲಿ ಕಂಡವರು ಮಾತ್ರ ಎಂಬ ಷರತ್ತು ಎಲ್ಲಿದೆ?

ಆಳುವವರನ್ನೂ ವಾಹಿನಿಗಳನ್ನೂ ದೂರಿ ಕೈತೊಳೆದುಕೊಳ್ಳುವುದು ಸುಲಭ. ಭಕ್ತರ ಲಾರಿಗಳೂ ಹೆದ್ದಾರಿಯ ಪಕ್ಕದ ಊರಿನಲ್ಲಿಯೇ ನಿಲ್ಲುವುದಿಲ್ಲವೇ? ಅಲ್ಲಿ ಬ್ಯಾನರು ಕಟ್ಟಲು ಜಾಗವಿದೆ, ಫೋಟೋ ತೆಗೆಯುವವರೂ ಇದ್ದಾರೆ. ಹಳ್ಳ ದಾಟಿ ಎರಡು ಹರದಾರಿ ಒಳಗಿರುವ ಊರಿಗೆ ಹೋಗುವವರಾರು? ಮೊದಲ ವಾರ ರೊಟ್ಟಿಯ ರಾಶಿ, ಹಳೆಯ ಬಟ್ಟೆಯ ರಾಶಿ. ಮೂರನೆಯ ತಿಂಗಳು ಬಿತ್ತನೆಯ ಬೀಜಕ್ಕೆ, ಮಕ್ಕಳ ಪುಸ್ತಕಕ್ಕೆ, ಮನೆಯ ಗೋಡೆಗೆ ಒಂದು ರೂಪಾಯಿಯೂ ಇಲ್ಲ ಎಂದಾದರೆ, ಹಂಚಿದ್ದು ಸಂತ್ರಸ್ತರ ಅಗತ್ಯವನ್ನೋ, ಹಂಚುವವರ ಸಂಭ್ರಮವನ್ನೋ?

ಆದಕಾರಣ ನೆರವಿಗೆ ಹೊರಡುವವರು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದುವರೆಗೆ ಯಾರೂ ಹೋಗದ ಊರು ಯಾವುದು? ಗ್ರಾಮ ಪಂಚಾಯಿತಿಯನ್ನು ಕೇಳಲಿ, ತಹಶೀಲ್ದಾರರನ್ನು ಕೇಳಲಿ, ಪಕ್ಕದ ಊರಿನವರನ್ನು ಕೇಳಲಿ. ಕೂಡಿಸಿದ ಹಣದಲ್ಲಿ ಒಂದು ಪಾಲನ್ನು ಸುದ್ದಿ ಆರಿದ ಮೇಲಿನ ದಿನಗಳಿಗೆಂದು ತೆಗೆದಿಡಲಿ. ನೆರೆಗೆ ಮಿಡಿದ ಮನ ಬರಕ್ಕೂ ಮಿಡಿಯಲಿ. ಕೊಟ್ಟವರ ಹೆಸರು ಚೀಲದ ಮೇಲೆ ಇಲ್ಲದಿದ್ದರೆ ಒಳಗಿನ ಜೋಳದ ರುಚಿಯೇನೂ ಕೆಡುವುದಿಲ್ಲ.

ಪಂಕ್ತಿಯ ಕೊನೆಯ ಎಲೆಗೆ ಅನ್ನ ಬಿದ್ದ ಮೇಲೆಯೇ ಬಡಿಸುವವನು ಸೌಟು ಕೆಳಗಿಡಬೇಕು. ಅಲ್ಲಿಯವರೆಗೆ ದಾಸೋಹ ಮುಗಿಯಿತೆನ್ನುವ ಅಧಿಕಾರ ಯಾರಿಗೂ ಇಲ್ಲ.